ಆಟದ ಸಾಮಗ್ರಿಗಳ ಸಂಗ್ರಹ ಮತ್ತು ಸೂಚೀಕರಣ: ಗಂಜೀಫಾ, ಪಗಡೆ, ಅಳಗುಳಿಮಣೆಗಳ ನಿಮಿತ್ತ ಕೆಲವು ವಿಚಾರಗಳು

೧

ಇತಿಹಾಸದ ಆಧಾರಗಳೆಂದೊಡನೆ ಶಾಸನ, ನಾಣ್ಯ, ಓಲೆಗರಿ, ದೇವಾಲಯ, ಪ್ರವಾಸಿಗಳ ಬರೆಹ ಮುಂತಾದವು ನಮ್ಮ ಮನಸ್ಸಿಗೆ ಬರುತ್ತವೆ. ಜನರು ಬಿಡುವಿನ ಹೊತ್ತಿನಲ್ಲಿ ಕೈಯಲ್ಲಿ ಹಿಡಿದ ದಾಳ, ಕವಡೆ, ಎಲೆ, ಕಾಯಿಗಳು ಈ ಪಟ್ಟಿಯಲ್ಲಿ ಸೇರುವುದು ಅಪೂರ್ವ. ಸೇರಿದರೂ ಅವು ಕಲಾವಸ್ತುಗಳೆಂದು ಸೇರುತ್ತವೆಯೇ ಹೊರತು ಆಟದ ಸಾಮಗ್ರಿಗಳೆಂದಲ್ಲ. ದಂತದ ದಾಳವು ದಂತದ ಕೆತ್ತನೆಗಳ ಸಾಲಿನಲ್ಲಿಯೂ, ಪಗಡೆಯ ಹಾಸು ಬಟ್ಟೆಗಳ ಸಾಲಿನಲ್ಲಿಯೂ, ಗಂಜೀಫಾ ಎಲೆಯು ಚಿತ್ರಗಳ ಸಾಲಿನಲ್ಲಿಯೂ ಸ್ಥಾನ ಪಡೆಯುತ್ತವೆ. ಇವೆಲ್ಲವನ್ನೂ ಒಂದಾಗಿ ಹಿಡಿದಿದ್ದ ಆಟವು ಮಾತ್ರ ಯಾವ ಸಾಲಿನಲ್ಲಿಯೂ ಕಾಣುವುದಿಲ್ಲ.

ಹಳೆಯ ಆಟದ ಸಾಮಗ್ರಿಗಳನ್ನು ಕೂಡಿಸುವ ಆಸಕ್ತಿಯು ಈಚಿನ ದಶಕಗಳಲ್ಲಿ ನಮ್ಮ ನಾಡಿನಲ್ಲಿಯೂ ಬೆಳೆದಿದೆ. ಇದು ಸಂತೋಷದ ಸಂಗತಿ. ಆದರೆ ಸಂಗ್ರಹ ಬೇರೆ, ಸೂಚೀಕರಣ ಬೇರೆ. ಸಂಗ್ರಹಕ್ಕೆ ಪ್ರೀತಿಯೂ ಹಣವೂ ಸಾಕು. ಸೂಚೀಕರಣಕ್ಕೆ ಶಿಸ್ತು ಬೇಕು. ಆಟದ ವಸ್ತುವನ್ನು ದಾಖಲಿಸುವಾಗ ಅದರ ಆಟವನ್ನೂ ದಾಖಲಿಸದಿದ್ದರೆ ಆ ದಾಖಲೆಯು ಅರ್ಧ ಮಾತ್ರವಾಗುತ್ತದೆ ಎಂಬುದು, ಮತ್ತು ಉಳಿದರ್ಧವನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಆ ಕೆಲಸ ನಡೆಯಬೇಕೆಂಬುದು ಈ ಲೇಖನದ ಪ್ರತಿಪಾದ್ಯ. ಇದನ್ನು ಸಾಧಿಸಲು ಮೊದಲು ನಮ್ಮ ನಾಡಿನ ಎರಡು ಹಳೆಯ ಗ್ರಂಥಗಳನ್ನೂ, ಅನಂತರ ಈಚಿನ ಸಂಗ್ರಾಹಕರ ಕಾರ್ಯವನ್ನೂ, ಕೊನೆಗೆ ಹುಬ್ಬಳ್ಳಿ-ಧಾರವಾಡದ ಸುತ್ತಣ ಪರಿಸ್ಥಿತಿಯನ್ನೂ ಪರಿಶೀಲಿಸುತ್ತೇವೆ.

೨

ಆಟಗಳನ್ನು ಕ್ರಮವಾಗಿ ವಿಂಗಡಿಸಿ ಬರೆದಿಡುವ ಪ್ರಯತ್ನವು ಕರ್ನಾಟಕಕ್ಕೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು (ಕ್ರಿ. ಶ. ೧೧೨೬-೧೧೩೮) ಆರನೆಯ ವಿಕ್ರಮಾದಿತ್ಯನ ಮಗನು. ಭೂಲೋಕಮಲ್ಲನೆಂಬ ಬಿರುದಿನಿಂದ ಪ್ರಸಿದ್ಧನಾದ ಈ ಅರಸನು ಸುಮಾರು ೧೧೨೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಅಭಿಲಷಿತಾರ್ಥಚಿಂತಾಮಣಿ ಎಂಬ ಹೆಸರಿನಿಂದಲೂ ವಿದಿತವಾಗಿದೆ. ಇದರಲ್ಲಿ ಐದು ವಿಂಶತಿಗಳು. ಒಂದೊಂದು ವಿಂಶತಿಯಲ್ಲಿ ಇಪ್ಪತ್ತು ಪ್ರಕರಣಗಳು. ರಾಜ್ಯವನ್ನು ಪಡೆಯುವುದು, ಅದನ್ನು ಸ್ಥಿರಗೊಳಿಸುವುದು, ಭೋಗ, ವಿನೋದ ಎಂಬ ನಾಲ್ಕು ವಿಷಯಗಳಾದ ಮೇಲೆ ಐದನೆಯ ವಿಂಶತಿಯು ಕ್ರೀಡೆಗೆ ಮೀಸಲಾಗಿದೆ. ಉದ್ಯಾನಕ್ರೀಡೆ, ಜಲಕ್ರೀಡೆ, ಉಯ್ಯಾಲೆಯ ಆಟ, ಒಗಟು ಮುಂತಾದವುಗಳ ಜೊತೆಗೆ ಚದುರಂಗ, ಪಾಶಕ ಅಂದರೆ ದಾಳದ ಆಟ, ವರಾಟಿಕಾ ಅಂದರೆ ಕವಡೆಯ ಆಟ, ಇವುಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಮೊದಲನೆಯದಾಗಿ, ರಾಜನೀತಿಯನ್ನು ಹೇಳುವ ಗ್ರಂಥದಲ್ಲಿಯೇ ಆಟಕ್ಕೂ ಸ್ಥಾನ ದೊರೆತಿದೆ. ಆನೆ, ಕುದುರೆ, ಕೋಶ, ದುರ್ಗಗಳಂತೆ ಕವಡೆಯೂ ವಿವರಣೆಗೆ ಅರ್ಹವೆಂದು ಆ ಅರಸನು ಭಾವಿಸಿದನು. ಎರಡನೆಯದಾಗಿ, ಅವನ ವಿಂಗಡಣೆಯು ವಸ್ತುವನ್ನು ಅನುಸರಿಸಿದುದಲ್ಲ, ಆಡುವ ಬಗೆಯನ್ನು ಅನುಸರಿಸಿದುದು. ದಾಳವು ದಂತದ್ದೋ ಮರದ್ದೋ ಎಂಬುದಕ್ಕಿಂತ ಅದನ್ನು ಹೇಗೆ ಉರುಳಿಸಬೇಕು, ಯಾವ ಲೆಕ್ಕಕ್ಕೆ ಯಾವ ನಡೆ ಎಂಬುದೇ ಮುಖ್ಯ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅರಮನೆಯಲ್ಲಿ ಬಳಸಿದ ದಾಳಗಳು ಯಾವುವೆಂದು ಇಂದು ಎತ್ತಿ ತೋರಿಸಲು ನಮ್ಮಿಂದಾಗದು. ಆದರೆ ಆಟದ ಕ್ರಮವು ಗ್ರಂಥದಲ್ಲಿ ಉಳಿದಿದೆ. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಇದರ ಮೊದಲನೆಯ ಸಂಪುಟವು ೧೯೨೫ರಲ್ಲಿ ಪ್ರಕಟವಾಯಿತು.

ಆದರೆ ಗ್ರಂಥದ ಮಾತನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಮಾನಸೋಲ್ಲಾಸವು ಅರಸನು ಹೇಗೆ ಆಡಬೇಕೆಂದು ಹೇಳುತ್ತದೆ. ಅಣ್ಣಿಗೇರಿಯ ಅಥವಾ ಲಕ್ಕುಂಡಿಯ ವರ್ತಕನೊಬ್ಬನು ತನ್ನ ಜಗಲಿಯ ಮೇಲೆ ಹೇಗೆ ಆಡುತ್ತಿದ್ದನೆಂಬುದು ಅದರಿಂದ ತಿಳಿಯುವುದಿಲ್ಲ. ವಿಧಿಸಿದುದನ್ನೆಲ್ಲ ನಡೆದುದೆಂದು ಎಣಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ.

೩

ಮಾನಸೋಲ್ಲಾಸದ ಏಳು ಶತಮಾನಗಳ ಅನಂತರ ಮೈಸೂರಿನಲ್ಲಿ ಮತ್ತೊಬ್ಬ ಅರಸನು ಇದೇ ಕಾರ್ಯಕ್ಕೆ ಕೈಹಾಕಿದುದು ಕುತೂಹಲಕರವಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ೧೭೯೯ರಲ್ಲಿ ಬಾಲ್ಯದಲ್ಲಿಯೇ ಪಟ್ಟವೇರಿದವರು. ಅವರ ಹೆಸರಿನಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಒಂಬತ್ತು ನಿಧಿಗಳುಳ್ಳ ಸಚಿತ್ರ ಗ್ರಂಥ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಎಂಬ ಎಂಟು ನಿಧಿಗಳು ದೇವತಾಮೂರ್ತಿಗಳನ್ನೂ ಧಾರ್ಮಿಕ ವಿಷಯಗಳನ್ನೂ ಕುರಿತವು. ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಆಟಗಳು ಬರುತ್ತವೆ. ದೇವತೆಗಳ ಧ್ಯಾನಶ್ಲೋಕ ಮತ್ತು ರೂಪಲಕ್ಷಣಗಳ ಜೊತೆಯಲ್ಲಿಯೇ ಗಂಜೀಫಾ ಎಲೆಗಳ ಲಕ್ಷಣವನ್ನೂ ಹೇಳಿರುವುದು ಆಕಸ್ಮಿಕವಲ್ಲ. ಎಲೆಗಳ ಮೇಲೆ ಕುಳಿತಿರುವವರು ಆ ದೇವತೆಗಳೇ ಆಗಿದ್ದಾರೆ.

ಗಂಜೀಫಾ ಮೂಲತಃ ಪರದೇಶದಿಂದ ಬಂದ ಆಟ. ಬಾಬರನು ೧೫೨೭ರಲ್ಲಿ ಸಿಂಧ್ ಪ್ರಾಂತದ ಶಾಹ್ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯು ಅವನ ಆತ್ಮವೃತ್ತಾಂತದಲ್ಲಿದೆ. ಅಬುಲ್ ಫಜಲನು ಐನ್-ಎ-ಅಕ್ಬರಿಯಲ್ಲಿ ಹನ್ನೆರಡು ಪಂಗಡಗಳ ಆಟವನ್ನು ವಿವರಿಸಿದ್ದಾನೆ. ಮೊಗಲರ ಕಾಲದಲ್ಲಿ ಬಳಕೆಗೆ ಬಂದ ಎಂಟು ಪಂಗಡಗಳ ಕಟ್ಟಿನಲ್ಲಿ ೯೬ ಎಲೆಗಳು. ಈ ಆಟವು ದಕ್ಷಿಣಕ್ಕೆ ಬಂದು ದೇಶೀಯ ರೂಪವನ್ನು ತಾಳಿದಾಗ ದಶಾವತಾರ ಗಂಜೀಫಾ ಆಯಿತು. ಹತ್ತು ಅವತಾರಗಳಿಗೆ ಹತ್ತು ಪಂಗಡ, ಒಂದೊಂದರಲ್ಲಿ ರಾಜ, ಮಂತ್ರಿ ಮತ್ತು ಹತ್ತು ಸಂಖ್ಯೆಯ ಎಲೆಗಳು, ಒಟ್ಟು ೧೨೦. ಎಲೆಗಳು ಗುಂಡಗೆ ಇರುತ್ತವೆ. ಹಗಲಿನಲ್ಲಿ ಆಡಿದರೆ ರಾಮನ ರಾಜನೆಲೆಯುಳ್ಳವನೂ, ಸೂರ್ಯಾಸ್ತವಾದ ಮೇಲೆ ಆಡಿದರೆ ಕೃಷ್ಣನ ರಾಜನೆಲೆಯುಳ್ಳವನೂ ಮೊದಲು ಇಳಿಯಬೇಕೆಂಬುದು ಪ್ರಸಿದ್ಧ ನಿಯಮ. ಅರ್ಧ ಪಂಗಡಗಳಲ್ಲಿ ಹತ್ತು ದೊಡ್ಡದು, ಒಂದು ಸಣ್ಣದು. ಉಳಿದ ಅರ್ಧದಲ್ಲಿ ಇದು ತಲೆಕೆಳಗಾಗುತ್ತದೆ.

ಮುಮ್ಮಡಿ ಕೃಷ್ಣರಾಜರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಕೌತುಕನಿಧಿಯಲ್ಲಿ ಬಂದಿರುವ ಚದ್ ಎಂಬ ಬಗೆಯ ಆಟಗಳು ಹದಿಮೂರು. ೩೬ ಎಲೆಗಳಿಂದ ೩೬೦ ಎಲೆಗಳವರೆಗೆ ಅವುಗಳ ವ್ಯಾಪ್ತಿ. ಪಂಗಡಗಳು ಕೆಲವು ಆಟಗಳಲ್ಲಿ ಹದಿನೆಂಟರವರೆಗೆ ಇವೆ. ಒಂದೊಂದು ಪಂಗಡದಲ್ಲಿ ಹನ್ನೆರಡು ಸಂಖ್ಯೆಯ ಎಲೆ, ಆರು ಪರಿವಾರದ ಎಲೆ ಇರುವುದು ಇಂತಹ ಕಟ್ಟುಗಳ ಸಾಮಾನ್ಯ ಲಕ್ಷಣ. ಇಷ್ಟು ವಿಸ್ತಾರವಾದ ಆಟಗಳು ಅರಮನೆಯ ಹೊರಗೆ ಹರಡಿದಂತೆ ಕಾಣುವುದಿಲ್ಲ. ಹಲವು ಕಟ್ಟುಗಳು ವರ್ಣನೆಯಿಂದ ಮಾತ್ರ ನಮಗೆ ಗೊತ್ತಿವೆ.

೧೮೩೧ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೆ ಮುಮ್ಮಡಿಯವರಿಗೆ ಉಳಿದುದು ಪದವಿ ಮಾತ್ರ, ಅಧಿಕಾರವಲ್ಲ. ಆ ಬಳಿಕ ಅವರ ಲಕ್ಷ್ಯವು ಸಾಹಿತ್ಯ, ಚಿತ್ರ, ಧಾರ್ಮಿಕ ಕಾರ್ಯಗಳ ಕಡೆಗೆ ಹೆಚ್ಚಾಗಿ ಹರಿಯಿತೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಅವರ ಆಟಗಳೆಲ್ಲ ೧೮೩೧ರ ಅನಂತರವೇ ಹುಟ್ಟಿದವೆಂದು ನಾವು ಹೇಳುವುದಿಲ್ಲ. ಆದರೆ ಮಂತ್ರಿಯನ್ನು ನೇಮಿಸುವ, ಸೈನ್ಯವನ್ನು ನಡೆಸುವ ಅಧಿಕಾರವು ಕೈತಪ್ಪಿದ ಅರಸನ ಆಶ್ರಯದಲ್ಲಿ ರಾಜ, ಮಂತ್ರಿ, ಪರಿವಾರಗಳಿಂದ ತುಂಬಿದ ಇಂತಹ ಕಟ್ಟುಗಳು ರೂಪುಗೊಂಡುದು ಕೇವಲ ವಿನೋದದ ವಿಷಯವೆಂದು ತೋರುವುದಿಲ್ಲ. ಆಟಗಾರನು ಆಟ ನಡೆಯುವಷ್ಟು ಹೊತ್ತು ಒಂದು ಪಾತ್ರವನ್ನು ಹೊರುತ್ತಾನೆ. ಪಾತ್ರ ಯಾವುದು, ಅದನ್ನು ಹೊತ್ತವನು ಯಾರು ಎಂಬ ಎರಡನ್ನೂ ಕೂಡಿಸಿ ನೋಡಿದಾಗ ಎಲೆಯು ಇತಿಹಾಸದ ಆಧಾರವಾಗುತ್ತದೆ. ಚಿತ್ರವನ್ನು ಮಾತ್ರ ನೋಡಿದರೆ ಈ ಅರ್ಥವು ಹೊಳೆಯುವುದಿಲ್ಲ.

೪

ಇನ್ನು ಈಚಿನ ಸಂಗ್ರಾಹಕರ ಕಾರ್ಯವನ್ನು ನೋಡೋಣ. ಭಾರತೀಯ ಗಂಜೀಫಾದ ಅಧ್ಯಯನಕ್ಕೆ ತಳಹದಿ ಹಾಕಿದವರಲ್ಲಿ ರುಡಾಲ್ಫ್ ಫಾನ್ ಲೈಡನ್ನರು ಪ್ರಮುಖರು. ೧೯೦೮ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ ೧೯೩೩ರಲ್ಲಿ ಮುಂಬಯಿಗೆ ಬಂದ ಇವರು ಕಲಾವಿಮರ್ಶಕರೆಂದು ಹೆಸರಾದವರು. ಊರೂರಿನ ಎಲೆಗಳನ್ನು ಕೂಡಿಸಿ, ಹೋಲಿಸಿ, ಪಂಗಡಗಳನ್ನು ಗುರುತಿಸಿದರು. ಮೈಸೂರಿನ ಚದ್ ಎಲೆಗಳನ್ನು ಕುರಿತು ೧೯೭೩ರಲ್ಲಿ ಪ್ರತ್ಯೇಕ ಪುಸ್ತಿಕೆಯನ್ನು ಹೊರತಂದರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ೧೯೮೨ರಲ್ಲಿ ನಡೆದ ಗಂಜೀಫಾ ಪ್ರದರ್ಶನದ ಸೂಚಿಯೂ ಇವರದೇ. ಕೌತುಕನಿಧಿಯ ವರ್ಣನೆಯನ್ನೂ ಕೈಗೆ ಸಿಕ್ಕ ಎಲೆಗಳನ್ನೂ ಎದುರುಬದುರು ಇಟ್ಟು ನೋಡುವ ಕ್ರಮವು ಇಂತಹವರ ಶ್ರಮದಿಂದ ನೆಲೆಗೊಂಡಿತು.

ನಮ್ಮ ನಾಡಿನಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಹಲಗೆಯಾಟಗಳನ್ನೂ ಅವುಗಳ ಸಾಮಗ್ರಿಗಳನ್ನೂ ಕೂಡಿಸಿ, ಕ್ರೀಡಾಕೌಶಲ್ಯವೆಂಬ ಹೆಸರಿನಲ್ಲಿ ಪ್ರದರ್ಶನಗಳನ್ನು ನಡೆಸುತ್ತ ಬಂದಿದೆ. ಇಲ್ಲಿಯ ವಿಶೇಷವೆಂದರೆ ಹಲಗೆಗಳನ್ನು ಮತ್ತೆ ಆಡುವುದಕ್ಕಾಗಿ ತಯಾರಿಸಿ ಜನರ ಕೈಗೆ ಕೊಟ್ಟುದು. ಇನ್ನೊಂದು ಕಡೆ ರಘುಪತಿ ಭಟ್ಟರಂತಹ ಕಲಾವಿದರು ಮೈಸೂರು ಗಂಜೀಫಾ ಚಿತ್ರಕಲೆಯ ಪುನರುಜ್ಜೀವನಕ್ಕಾಗಿ ದುಡಿದರು. ಇದರ ಫಲವಾಗಿ ಎಲೆಯ ಚಿತ್ರಕ್ಕೆ ಮರ್ಯಾದೆ ಬಂದಿತು. ಆದರೆ ಚೌಕಟ್ಟಿನೊಳಗೆ ಸೇರಿ ಗೋಡೆಯನ್ನೇರಿದ ಎಲೆಯನ್ನು ಯಾರೂ ಆಡುವಂತಿಲ್ಲ. ಚಿತ್ರ ಉಳಿಯಿತು, ಆಟ ಹಿಂದೆ ಬಿದ್ದಿತು. ಇದು ಕಲಾವಿದರ ದೋಷವಲ್ಲ. ಕೊಳ್ಳುವವರು ಬಯಸಿದುದು ಚಿತ್ರವನ್ನೇ.

ಹೀಗೆ ಸೋಮೇಶ್ವರನ ವಿಷಯದಲ್ಲಿ ನಿಯಮ ಉಳಿದು ವಸ್ತು ಹೋಗಿದೆ. ಗೋಡೆಯ ಮೇಲಿನ ಎಲೆಗಳ ವಿಷಯದಲ್ಲಿ ವಸ್ತು ಉಳಿದು ನಿಯಮ ಮರೆಯಾಗಿದೆ. ಎರಡೂ ಉಳಿದರೆ ಸಾಕೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇದಕ್ಕೆ ಉತ್ತರವನ್ನು ತೀರ ಈಚಿನ ಪರದೇಶದ ಒಂದು ಆಟದಿಂದ ಪಡೆಯಬಹುದು.

ಅಮೆರಿಕದಲ್ಲಿ ೧೯೭೪ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದರಲ್ಲಿ ಒಬ್ಬೊಬ್ಬ ಆಟಗಾರನೂ ವೀರ, ಮಾಂತ್ರಿಕ ಮುಂತಾದ ಒಂದು ಪಾತ್ರವನ್ನು ವಹಿಸಿಕೊಳ್ಳುತ್ತಾನೆ; ಒಬ್ಬನು ಕಥೆಯನ್ನು ನಡೆಸುತ್ತಾನೆ; ಸಂದೇಹ ಬಂದಲ್ಲಿ ದಾಳವು ತೀರ್ಮಾನಿಸುತ್ತದೆ. ಮೊದಲ ಮುದ್ರಣದ ಪ್ರತಿಗಳು ಒಂದು ಸಾವಿರ. ಮರದ ಹೆಣಿಗೆಯನ್ನು ಹೋಲುವ ಕಾಗದ ಹೊದಿಸಿದ ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳಿದ್ದವು. ಮುಂದಿನ ಮುದ್ರಣಗಳಲ್ಲಿ ಪೆಟ್ಟಿಗೆಯು ಬಿಳಿದಾಯಿತು. ಟೋಲ್ಕೀನರ ಕೃತಿಗಳ ಹಕ್ಕುದಾರರ ಆಕ್ಷೇಪಣೆಯಿಂದಾಗಿ ‘ಹಾಬಿಟ್’ ಎಂಬ ಶಬ್ದವನ್ನು ತೆಗೆದು ‘ಹಾಫ್ಲಿಂಗ್’ ಎಂದು ಮಾಡಲಾಯಿತು. ಅಲ್ಲಿಯ ಸಂಗ್ರಾಹಕರು ಪೆಟ್ಟಿಗೆಯ ಬಣ್ಣ, ಪುಸ್ತಿಕೆಯ ಒಂದು ಶಬ್ದ, ಇಂತಹ ಸೂಕ್ಷ್ಮಗಳಿಂದ ಮುದ್ರಣದ ಕ್ರಮವನ್ನು ನಿರ್ಧರಿಸುತ್ತಾರೆ; ಒಂದು ಮುದ್ರಣದ ಪೆಟ್ಟಿಗೆಯಲ್ಲಿ ಇನ್ನೊಂದು ಮುದ್ರಣದ ಪುಸ್ತಿಕೆ ಸೇರಿದ್ದರೆ ಅದನ್ನು ಪತ್ತೆಹಚ್ಚುತ್ತಾರೆ. ಲಿಪಿಯಿಂದ ಶಾಸನದ ಕಾಲವನ್ನು ನಿರ್ಧರಿಸುವವರಿಗೆ ಈ ಶಿಸ್ತು ಅಪರಿಚಿತವಲ್ಲ. ನಾವು ಇದನ್ನು ಮೆಚ್ಚಬೇಕು.

ಆದರೂ ಆ ಪೆಟ್ಟಿಗೆಯಲ್ಲಿ ಆಟವು ಪೂರ್ಣವಾಗಿ ಇಲ್ಲ. ಆ ಪುಸ್ತಿಕೆಗಳನ್ನು ಓದಿದ ಮಾತ್ರದಿಂದ ಆಡಲು ಬರುತ್ತಿರಲಿಲ್ಲವೆಂಬುದು ಪ್ರಸಿದ್ಧ. ಬಲ್ಲವರೊಡನೆ ಕುಳಿತು ಕಲಿತವರೇ ಹೆಚ್ಚು. ಮೇಜಿನ ಸುತ್ತ ಆಡಿದ ಮಾತು, ಅಲ್ಲಿಯೇ ಮಾಡಿಕೊಂಡ ನಿಯಮ, ಆಟಗಾರನು ತನ್ನ ಪಾತ್ರದ ಬಗ್ಗೆ ಬರೆದುಕೊಂಡ ಚೀಟಿ, ಇವುಗಳಲ್ಲಿ ಆಟವಿತ್ತು. ಸಾಮಾನ್ಯವಾಗಿ ಸಂಗ್ರಾಹಕನಿಗೆ ಮುಟ್ಟದ, ಗೀಚದ ಪ್ರತಿಯ ಮೇಲೆ ಆಸೆ. ಇತಿಹಾಸಕಾರನಿಗೆ ಬೇಕಾದುದು ಅಂಚಿನಲ್ಲಿ ಬರೆದು ಮಾಸಿದ ಪ್ರತಿ. ಈ ಭೇದವನ್ನು ಮರೆಯಬಾರದು. ಸಂಗ್ರಾಹಕನ ಸೂಚಿಯು ಬೆಲೆಗಾಗಿ ಹುಟ್ಟಿದರೆ ಸವೆತವು ದೋಷವಾಗುತ್ತದೆ. ತಿಳಿವಿಗಾಗಿ ಹುಟ್ಟಿದರೆ ಸವೆತವೇ ಸಾಕ್ಷಿಯಾಗುತ್ತದೆ.

೫

ಈ ದೃಷ್ಟಿಯಿಂದ ನಮ್ಮ ಸುತ್ತಣ ಪ್ರದೇಶವನ್ನು ನೋಡಿದರೆ ಕೆಲಸವು ಎಷ್ಟು ಬಾಕಿಯಿದೆ ಎಂಬುದು ಗೊತ್ತಾಗುತ್ತದೆ.

ಧಾರವಾಡ ಜಿಲ್ಲೆಯ ನವಲಗುಂದವು ಜಮಖಾನೆಗಳಿಗೆ ಹೆಸರಾದ ಊರು. ಇವನ್ನು ನೇಯುವವರು ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು. ಈ ಕಸುಬು ವಿಜಾಪುರದಿಂದ ಬಂದಿತೆಂಬುದು ಪರಂಪರೆಯ ಹೇಳಿಕೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇದರ ಪ್ರಸಿದ್ಧ ವಿನ್ಯಾಸಗಳಲ್ಲಿ ನವಿಲಿನ ಜೊತೆಗೆ ಪಗಡೆಯ ಹಾಸು ಒಂದು. ಪಗಡೆಯ ಹಾಸಿನಲ್ಲಿ ನಾಲ್ಕು ತೋಳುಗಳು, ಒಂದೊಂದು ತೋಳಿನಲ್ಲಿ ಮೂರು ಸಾಲು, ಸಾಲಿಗೆ ಎಂಟು ಮನೆಗಳು. ಒಟ್ಟು ೯೬ ಮನೆಗಳೂ ನಡುವಣ ಚೌಕವೂ. ಇಂತಹ ಜಮಖಾನೆಯು ಸಂಗ್ರಹಾಲಯಕ್ಕೆ ಬಂದರೆ ನೂಲು, ಬಣ್ಣ, ಅಳತೆ, ನೇಯ್ಗೆಗಳನ್ನು ಬರೆದು ವಸ್ತ್ರವಿಭಾಗಕ್ಕೆ ಸೇರಿಸಿಬಿಡುವುದು ಸುಲಭ. ಆದರೆ ವಿನ್ಯಾಸದ ಮನೆಗಳನ್ನು ಎಣಿಸಿದವರು ಯಾರು? ೯೬ ಇದ್ದರೆ ಅದು ಆಡಬಹುದಾದ ಹಾಸು. ಹೆಚ್ಚುಕಡಿಮೆಯಾಗಿದ್ದರೆ ಆಟವು ಅಲಂಕಾರವಾಗಿ ಮಾರ್ಪಟ್ಟ ಕಾಲದ್ದೆಂದು ಊಹಿಸಲು ಅವಕಾಶವುಂಟು. ಒಂದು ಎಣಿಕೆಯಿಂದ ಆಟದಿಂದ ಅಲಂಕಾರದ ಕಡೆಗೆ ನಡೆದ ಬದಲಾವಣೆಯನ್ನು ಗುರುತಿಸುವ ದಾರಿ ತೆರೆಯುತ್ತದೆ.

ದಾಳದ ವಿಷಯವೂ ಹೀಗೆಯೇ. ಪಗಡೆಯ ಉದ್ದ ದಾಳಗಳ ನಾಲ್ಕು ಮುಖಗಳಲ್ಲಿ ಕೆಲವೆಡೆ ೧, ೨, ೫, ೬ ಎಂದೂ, ಕೆಲವೆಡೆ ೧, ೩, ೪, ೬ ಎಂದೂ ಚುಕ್ಕಿಗಳಿರುತ್ತವೆ. ಚುಕ್ಕಿಗಳು ಬೇರೆಯಾದರೆ ಬೀಳುವ ಲೆಕ್ಕವೂ ಬೇರೆ. ‘ಹಳೆಯ ದಾಳ, ಒಂದು ಜೊತೆ’ ಎಂದಷ್ಟೇ ಬರೆದ ದಾಖಲೆಯು ಈ ಭೇದವನ್ನು ನುಂಗಿಹಾಕುತ್ತದೆ.

ಅಗ್ಗದ ಸಾಮಗ್ರಿಗಳ ಸ್ಥಿತಿ ಇನ್ನೂ ಕಷ್ಟಕರ. ಚೌಕಾಬಾರ, ಕಟ್ಟೆಮನೆ ಮುಂತಾದ ಹೆಸರುಗಳುಳ್ಳ ಆಟಕ್ಕೆ ಬೇಕಾದುದು ಸುಣ್ಣದಿಂದಲೋ ಇದ್ದಿಲಿನಿಂದಲೋ ಬರೆದ ಇಪ್ಪತ್ತೈದು ಮನೆಗಳು, ನಾಲ್ಕು ಕವಡೆ, ಕೆಲವು ಬಳೆಚೂರು. ಕವಡೆ ಇಲ್ಲದಿದ್ದರೆ ಹುಣಸೆಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳುವುದುಂಟು. ನಾಲ್ಕೂ ಅಂಗಾತ ಬಿದ್ದರೆ ನಾಲ್ಕು, ಅದೇ ಚೌಕ. ನಾಲ್ಕೂ ಬೋರಲಾದರೆ ಎಂಟು, ಅದೇ ಬಾರ. ಆಟದ ಹೆಸರು ಹುಟ್ಟಿರುವುದೇ ಈ ಎರಡು ಲೆಕ್ಕಗಳಿಂದ. ಇದನ್ನು ಬಲ್ಲವರು ಹೇಳದಿದ್ದರೆ ಸಂಗ್ರಹಾಲಯದ ಪೆಟ್ಟಿಗೆಯಲ್ಲಿರುವ ನಾಲ್ಕು ಹುಣಸೆಬೀಜಗಳು ಹುಣಸೆಬೀಜಗಳಾಗಿಯೇ ಉಳಿಯುತ್ತವೆ. ಗಂಜೀಫಾಕ್ಕೆ ಅರಸನೊಬ್ಬನು ಗ್ರಂಥ ಬರೆಯಿಸಿದನು. ಚೌಕಾಬಾರಕ್ಕೆ ಗ್ರಂಥವು ಅಜ್ಜಿಯರ ನೆನಪೇ ಆಗಿದೆ.

ಅಳಗುಳಿಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಕರಾವಳಿಯಲ್ಲಿ ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಒಂದೊಂದು ಗುಳಿಗೆ ಎಷ್ಟು ಕಾಳು ಹಾಕಬೇಕು, ಯಾವಾಗ ಎತ್ತಬೇಕು ಎಂಬ ನಿಯಮಗಳು ಊರಿಂದ ಊರಿಗೆ ಬದಲಾಗುತ್ತವೆ. ಹಳೆಯ ಮಣೆಗಳಲ್ಲಿ ಕೆಲವು ಗುಳಿಗಳು ಬೆರಳು ತಾಗಿ ತಾಗಿ ನುಣುಪಾಗಿ ಕಪ್ಪಾಗಿರುತ್ತವೆ. ಎಣ್ಣೆಯ ಕೈಯ ಗುರುತು ಅಂಚಿನಲ್ಲಿ ಉಳಿದಿರುತ್ತದೆ. ಹುಬ್ಬಳ್ಳಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಇಂತಹ ಮಣೆಗಳನ್ನು ಕಾಗದದಿಂದ ಉಜ್ಜಿ, ಮೆರುಗೆಣ್ಣೆ ಹಚ್ಚಿ, ಬೆಂಗಳೂರಿನ ಮನೆಗಳ ಅಲಂಕಾರಕ್ಕೆಂದು ಸಿದ್ಧಪಡಿಸಿದುದನ್ನು ನಾವು ಕಂಡೆವು. ಪಗಡೆಯ ಹಾಸು ಅಲ್ಲಿ ಒಂದು ಬೆಲೆಗೆ, ಅದರ ಕಾಯಿಗಳು ಬಿಡಿಯಾಗಿ ಇನ್ನೊಂದು ಬೆಲೆಗೆ ದೊರೆಯುತ್ತಿದ್ದವು. ಯಾವ ಮನೆಯಿಂದ ಬಂದವೆಂದು ಕೇಳಿದರೆ ವ್ಯಾಪಾರಿಗೆ ಗೊತ್ತಿರಲಿಲ್ಲ; ಗೊತ್ತಿರಬೇಕೆಂಬ ಅಗತ್ಯವೂ ಅವನಿಗಿರಲಿಲ್ಲ. ಮಣೆ ಉಳಿಯಿತೆಂಬುದು ನಿಜ. ಆದರೆ ಅದು ಹೇಳಬಹುದಾಗಿದ್ದ ಸಂಗತಿಗಳು ಆ ಉಜ್ಜುವಿಕೆಯಲ್ಲಿಯೇ ಅಳಿದುಹೋದವು.

ಇನ್ನು ಕಲ್ಲಿನಲ್ಲಿ ಕೊರೆದ ಆಟಗಳು. ಹಂಪೆಯ ಮಂಟಪಗಳ ನೆಲದ ಮೇಲೆಯೂ ಬಂಡೆಗಳ ಮೇಲೆಯೂ ಆಟದ ಮನೆಗಳು ವಿಪುಲವಾಗಿವೆ. ಶಾಸನದ ಪಡಿಯಚ್ಚನ್ನು ತೆಗೆಯುವ ನಾವು ಅದರ ಪಕ್ಕದಲ್ಲಿರುವ ಹುಲಿ-ಕುರಿಯ ಮನೆಯನ್ನು ದಾಟಿಹೋಗುತ್ತೇವೆ. ದೇವಾಲಯದ ನೆಲಗಟ್ಟನ್ನು ಕಿತ್ತು ಹೊಸದಾಗಿ ಹಾಸಿದರೆ ಅದರೊಡನೆ ಈ ಮನೆಗಳೂ ಹೋಗುತ್ತವೆ. ಹೋದುದನ್ನು ಯಾರೂ ಗಮನಿಸುವುದಿಲ್ಲ.

೬

ಹಾಗಾದರೆ ಸೂಚಿಯನ್ನು ಹೇಗೆ ಸಿದ್ಧಪಡಿಸಬೇಕು? ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ೧೯೩೯ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯ ಕಾಲದಿಂದಲೂ ನಮ್ಮಲ್ಲಿ ಹಸ್ತಪ್ರತಿಗಳನ್ನು ಕೂಡಿಸಿ ವಿವರಿಸುವ ಪದ್ಧತಿಯು ಬೆಳೆದುಬಂದಿದೆ. ಓಲೆಗರಿಯ ಕಟ್ಟನ್ನು ವಿವರಿಸುವ ವಿದ್ವಾಂಸರು ಗರಿಗಳ ಸಂಖ್ಯೆ, ಅಳತೆ, ಸ್ಥಿತಿಗಳನ್ನು ಬರೆದು ನಿಲ್ಲಿಸುವುದಿಲ್ಲ. ಆದಿ, ಅಂತ್ಯ, ಲಿಪಿಕಾರನ ಹೆಸರು, ಪ್ರತಿ ದೊರೆತ ಮನೆ, ಪಾಠಾಂತರ ಇವುಗಳನ್ನೂ ಕೊಡುತ್ತಾರೆ. ಆಟದ ಸಾಮಗ್ರಿಗೂ ಇದೇ ಕ್ರಮವು ಒಪ್ಪುತ್ತದೆಂದು ನಮ್ಮ ಅಭಿಪ್ರಾಯ.

ಮೊದಲನೆಯದಾಗಿ, ವಸ್ತುವಿನ ವಿವರ: ದ್ರವ್ಯ, ಅಳತೆ, ಮನೆಗಳ ಅಥವಾ ಎಲೆಗಳ ಎಣಿಕೆ, ದಾಳದ ಚುಕ್ಕಿಗಳು, ಪೆಟ್ಟಿಗೆ ಇದ್ದರೆ ಅದರ ವಿವರ. ಗಂಜೀಫಾದಲ್ಲಿ ಎಲೆಯ ಬೆನ್ನಿನ ಬಣ್ಣವನ್ನು ಕಡ್ಡಾಯವಾಗಿ ಬರೆಯಬೇಕು. ಎರಡು ಕಟ್ಟುಗಳು ಬೆರೆತಿದ್ದರೆ ಅದನ್ನು ಮೊದಲು ಹೇಳುವುದು ಬೆನ್ನೇ. ಎರಡನೆಯದಾಗಿ, ಕೊರತೆ: ಇರುವ ಎಲೆಗಳಷ್ಟೇ ಅಲ್ಲ, ಇಲ್ಲದ ಎಲೆಗಳು ಯಾವುವು ಎಂಬುದು. ೧೨೦ರಲ್ಲಿ ೧೧೩ ಉಳಿದಿದ್ದರೆ ಹೋದ ಏಳು ಯಾವುವು? ರಾಜನೆಲೆಗಳೇ ಹೋಗಿದ್ದರೆ ಅವು ಚಿತ್ರಕ್ಕಾಗಿ ಬಿಡಿಯಾಗಿ ಮಾರಿಹೋದವೆಂದು ಶಂಕಿಸಬಹುದು. ಸಣ್ಣ ಸಂಖ್ಯೆಯವು ಹೋಗಿದ್ದರೆ ಆಟದಲ್ಲಿಯೇ ಕಳೆದುಹೋಗಿರಬಹುದು. ಮ���ರನೆಯದಾಗಿ, ಸವೆತ: ಎಲ್ಲಿ, ಎಷ್ಟು, ಯಾವ ಬಗೆಯದು. ನಾಲ್ಕನೆಯದಾಗಿ, ಆಟದ ಆದಿ ಮತ್ತು ಅಂತ್ಯ: ಯಾರು ಮೊದಲು ಇಳಿಯುತ್ತಾರೆ, ಯಾವಾಗ ಮುಗಿಯುತ್ತದೆ, ಗೆದ್ದವರಿಗೆ ಏನು, ಸೋತವರಿಗೆ ಏನು. ಐದನೆಯದಾಗಿ, ಆಡುವಾಗ ಬಳಸುವ ಮಾತು: ಲೆಕ್ಕದ ಹೆಸರು, ಕಾಯಿಯ ಹೆಸರು, ಹೊಡೆದಾಗ ಕೂಗುವ ಕೂಗು. ಇವನ್ನು ಶಿಷ್ಟಭಾಷೆಗೆ ತಿದ್ದದೆ ಆಡಿದಂತೆಯೇ ಬರೆಯಬೇಕು. ಆರನೆಯದಾಗಿ, ಪಾತ್ರ: ಆಟಗಾರನು ಆಟದಲ್ಲಿ ತಾನು ಏನಾಗಿದ್ದೇನೆಂದು ತಿಳಿಯುತ್ತಾನೆ. ಪರಮಪದಸೋಪಾನದ ಪಟದಲ್ಲಿ ಕಾಯಿಯು ಜೀವ. ಏಣಿಯು ಪುಣ್ಯ, ಹಾವು ಪಾಪ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ಇಂಗ್ಲೆಂಡಿಗೆ ಹೋಗಿ ಮಕ್ಕಳ ಹಾವು-ಏಣಿಯಾಟವಾದಾಗ ಪಟದ ರೂಪವು ಬಹುಮಟ್ಟಿಗೆ ಉಳಿಯಿತು. ಪಾತ್ರವು ಕ್ರಮೇಣ ಸವೆದುಹೋಯಿತು. ವಸ್ತುವನ್ನು ಮಾತ್ರ ನೋಡುವ ಸೂಚಿಯಲ್ಲಿ ಈ ಎರಡೂ ಒಂದೇ ಆಟವೆಂದು ದಾಖಲಾಗುವವು. ಏಳನೆಯದಾಗಿ, ಸಂದರ್ಭ: ಯಾವ ತಿಂಗಳು, ಯಾವ ಹಬ್ಬ, ಹಗಲೋ ಇರುಳೋ, ಗಂಡಸರೋ ಹೆಂಗಸರೋ, ಪಣ ಉಂಟೋ ಇಲ್ಲವೋ.

ಕಲ್ಲಿನ ಮೇಲಿನ ಮನೆಗಳಿಗೆ ಪಡಿಯಚ್ಚೂ ಸ್ಥಳದ ನಕ್ಷೆಯೂ ಅವಶ್ಯ. ದೇವಾಲಯದ ಯಾವ ಮಂಟಪದಲ್ಲಿ, ಬಾಗಿಲಿಗೆ ಎಷ್ಟು ದೂರದಲ್ಲಿ, ನೆರಳು ಬೀಳುವ ಕಡೆಯೋ ಎಂಬುದು ತಿಳಿದರೆ ಆಡಿದವರು ಭಕ್ತರೋ, ಕಾವಲುಗಾರರೋ, ಕಲ್ಲುಕುಟಿಗರೋ ಎಂಬ ವಿಚಾರಕ್ಕೆ ದಾರಿಯಾಗುತ್ತದೆ.

೭

ಈ ಸಲಹೆಗೆ ಒಂದು ಆಕ್ಷೇಪಣೆ ಬರಬಹುದು. ಒಂದೊಂದು ಮನೆಯಲ್ಲಿ ಒಂದೊಂದು ನಿಯಮ. ಮುದುಕರ ನೆನಪು ಅಷ್ಟೊಂದು ನಂಬತಕ್ಕುದಲ್ಲ. ಇಂತಹ ಹೇಳಿಕೆಗಳನ್ನು ಕೂಡಿಸಿದರೆ ಗೊಂದಲವೇ ಹೊರತು ಇತಿಹಾಸವಾಗದು ಎಂದು ಕೆಲವರು ಹೇಳಿಯಾರು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಇಂದಿನ ಹೇಳಿಕೆಯನ್ನು ಹನ್ನೆರಡನೆಯ ಶತಮಾನಕ್ಕೆ ಅನ್ವಯಿಸುವುದು ಸರಿಯಲ್ಲ. ಇಂದು ಕವಡೆಯಾಡುವ ರೀತಿಯೇ ಸೋಮೇಶ್ವರನ ವರಾಟಿಕಾಕ್ರೀಡೆಯೆಂದು ಸಾಧಿಸಹೊರಡುವುದು ಸಾಹಸವಾದೀತು. ಆದರೆ ಭೇದವಿದೆಯೆಂಬ ಕಾರಣದಿಂದ ದಾಖಲೆಯನ್ನೇ ಬಿಡುವುದು ನ್ಯಾಯವಲ್ಲ. ಗ್ರಂಥಸಂಪಾದಕನು ಪಾಠಾಂತರಗಳಿವೆಯೆಂದು ಪ್ರತಿಗಳನ್ನು ಬಿಸುಡುವುದಿಲ್ಲ. ಅವುಗಳಿಂದಲೇ ಪ್ರತಿಗಳ ಸಂಬಂಧವನ್ನು ಕಂಡುಹಿಡಿಯುತ್ತಾನೆ. ನವಲಗುಂದದ ನಿಯಮವೂ ಕುಂದಗೋಳದ ನಿಯಮವೂ ಬೇರೆಯಾಗಿದ್ದರೆ, ಆ ಬೇರೆತನವು ಎಲ್ಲಿಯವರೆಗೆ ಹರಡಿದೆ, ಮದುವೆಯ ಸಂಬಂಧಗಳ ದಾರಿಯನ್ನು ಅನುಸರಿಸಿದೆಯೋ, ಸಂತೆಯ ದಾರಿಯನ್ನೋ ಎಂದು ವಿಚಾರಿಸಬಹುದು. ಸೊಸೆಯು ತವರಿನ ಆಟವನ್ನು ಗಂಡನ ಮನೆಗೆ ತರುತ್ತಾಳೆ. ಹೆಣ್ಣುಮಕ್ಕಳ ಸಂಚಾರವನ್ನು ಕುರಿತು ಶಾಸನಗಳು ಮೌನವಾಗಿರುವಲ್ಲಿ ಅಳಗುಳಿಮಣೆಯು ಮಾತನಾಡಿದರೆ ಅದನ್ನು ಕೇಳಿಸಿಕೊಳ್ಳದಿರುವುದು ನಮ್ಮ ಶಾಸ್ತ್ರಕ್ಕೇ ನಷ್ಟ.

ಈ ಕೆಲಸಕ್ಕೆ ಹೆಚ್ಚಿನ ದ್ರವ್ಯಬಲ ಬೇಡ. ನಮ್ಮ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಲ್ಲಿ ಬಹುಮಂದಿ ಹಳ್ಳಿಗಳಿಂದ ಬರುವವರು. ಒಬ್ಬೊಬ್ಬರೂ ರಜೆಯಲ್ಲಿ ತಮ್ಮ ಊರಿನ ಒಂದೇ ಒಂದು ಆಟವನ್ನು, ಅದನ್ನು ಬಲ್ಲ ಹಿರಿಯರೊಡನೆ ಕುಳಿತು ಆಡಿ, ಮೇಲೆ ಹೇಳಿದ ಏಳು ಅಂಶಗಳನ್ನು ಬರೆದು ತಂದರೆ ಕೆಲವೇ ವರ್ಷಗಳಲ್ಲಿ ಜಿಲ್ಲೆಯ ಸೂಚಿಯೊಂದು ಸಿದ್ಧವಾಗುತ್ತದೆ. ವಸ್ತುವನ್ನು ಮನೆಯಿಂದ ತರಬೇಕಾದ ಅಗತ್ಯವಿಲ್ಲ. ಅದು ಆಡುವವರ ಬಳಿಯಲ್ಲಿಯೇ ಇರಲಿ. ಮಾರಲು ಹೊರಟವರಿಗೆ ಹಾಸನ್ನೂ ಕಾಯಿಗಳನ್ನೂ ಬೇರ್ಪಡಿಸಬೇಡಿರೆಂದೂ, ಮಣೆಯನ್ನು ಉಜ್ಜಬೇಡಿರೆಂದೂ ಹೇಳಿದರೆ ಅದೂ ಒಂದು ಸೇವೆ.

ಮುಮ್ಮಡಿ ಕೃಷ್ಣರಾಜರ ಹದಿಮೂರು ಆಟಗಳಲ್ಲಿ ಹಲವಕ್ಕೆ ಇಂದು ಎಲೆಗಳಿಲ್ಲ. ವರ್ಣನೆ ಇರುವುದರಿಂದ ಅವುಗಳ ಹೆಸರಾದರೂ ಉಳಿದಿದೆ. ನಮ್ಮ ಹಳ್ಳಿಗಳ ಆಟಗಳಿಗೆ ಕೌತುಕನಿಧಿಯಿಲ್ಲ. ಕವಡೆಗಳು ಇನ್ನೂ ಗೂಡಿನಲ್ಲಿವೆ, ಮಣೆಗಳು ಅಟ್ಟದ ಮೇಲಿವೆ, ಆಡಬಲ್ಲವರಿಗೆ ಎಂಬತ್ತು ದಾಟಿದೆ. ಈ ಮೂರೂ ಒಂದೆಡೆ ಇರುವ ಕಾಲವು ಬಹಳ ದಿನ ಉಳಿಯುವಂತಹುದಲ್ಲವಾದ್ದರಿಂದ, ಈ ವಿಷಯದಲ್ಲಿ ಅಧ್ಯಾಪಕ ವಿದ್ಯಾರ್ಥಿಗಳ ಲಕ್ಷ್ಯವನ್ನು ಸೆಳೆಯುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.